ಆಪರೇಷನ್ ಆದವನ ಮಗಳು

ನನ್ನ ಮೊಮ್ಮಗಳು ಈಗ ನನ್ನ ತೊಡೆಯ ಮೇಲೆ ಮಲಗಿ ಬೆರಳು ಚೀಪುತ್ತಿದ್ದಾಳೆ. ಮೂಗು, ಕಿವಿ, ಸಿಟ್ಟು ಎಲ್ಲ ನನ್ನ ಮಗನದೇ. ಎರಡು ಗಂಡಿನ ಮೇಲೆ ಒಂದು ಹೆಣ್ಣು ಕೊಡಪ್ಪಾ ಎಂದು ದೇವರಿಗೆ ಬೇಡಿಕೊಂಡದ್ದು ನಿಜ. ಆದರೆ ಊರವರೆಲ್ಲ ಉಪ್ಪುಖಾರ ಹಚ್ಚಿಕೊಂಡು ಆಡುವ ಹಾಗೆ ಕೊಡು ಎಂದು ನಾನೇನೂ ಬೇಡಿರಲಿಲ್ಲ. ನಾನು ಕಲಿತದ್ದು ಮೂರನೆಯ ಇಯತ್ತೆ. ಅಷ್ಟರಲ್ಲೇ ಇದನ್ನು ಬರೆಯುತ್ತಿದ್ದೇನೆ. ಮಗನಿಗೆ ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ.

ನಮ್ಮದು ದೊಡವಾಡ, ಸೊಸೆಯ ತವರು ದೇಗಾಂವ. ಅವಳ ಎರಡೂ ಹೆರಿಗೆ ಹೊಟ್ಟೆ ಕೊಯ್ದೇ ಆದವು. ಎರಡನೆಯದಕ್ಕೆ ರಕ್ತ ಬಹಳ ಹೋಯಿತೆಂದು, ಮಕ್ಕಳಾಗದ ಆಪರೇಷನ್ ಆಗ ಬೇಡ ಎಂದಿದ್ದರು. ಮುಂದೊಂದು ದಿನ ಆ ಮಾತು ಬಂದಾಗ ಊಟಕ್ಕೆ ಕುಳಿತಿದ್ದ ಮಗ ತಲೆ ಎತ್ತಿದ.

“ಆಕಿ ಎರಡ ಸಲ ಹೊಟ್ಟಿ ಕೊಯ್ಸಕೊಂಡಾಳ. ಸಾಕು. ನಾನ ಮಾಡಿಸ್ಕೋತೇನಿ.”

ನಮ್ಮ ಓಣಿಯಲ್ಲಿ ಗಂಡಸು ಆಪರೇಷನ್ ಮಾಡಿಸಿಕೊಂಡದ್ದನ್ನು ಯಾರೂ ಕೇಳಿರಲಿಲ್ಲ. ನನಗೆ ಎಷ್ಟು ಹೆಮ್ಮೆ ಆಯಿತೆಂದರೆ ರೊಟ್ಟಿಯ ಮೇಲೆ ಇನ್ನೊಂದು ಬೆಣ್ಣೆ ಮುದ್ದೆ ಹಾಕಿದೆ. ಈಗ ನೆನೆದರೆ ಆ ಬೆಣ್ಣೆ ತಿರುಗಿ ಕೇಳಬೇಕೆನಿಸುತ್ತದೆ.

ಬೈಲಹೊಂಗಲಕ್ಕೆ ಮುಂಜಾನೆ ಹೋದವನು ನರ ಕೊಯ್ಸಿಕೊಂಡು ಸಂಜೆಯ ಬಸ್ಸಿಗೆ ಬಂದ. ಬಂದವನು ಆಡಿದ್ದು ಒಂದೇ ಮಾತು: “ಮುಗೀತು.” ಗಾಯ ಒಣಗಿತು, ಹೊಲಕ್ಕೆ ಹೋದ, ನಾವೂ ಮರೆತೆವು.

ಹಬ್ಬ ಹುಣ್ಣಿಮೆ ಯಾವುದೂ ಇಲ್ಲದ ಒಂದು ದಿನ ಸೊಸೆ ರೊಟ್ಟಿ ಬಡಿಯುತ್ತಿದ್ದವಳು ಸೆರಗು ಬಾಯಿಗೆ ಹಿಡಿದು ಹಿತ್ತಲಿಗೆ ಓಡಿದಳು. ಅದೇ ಹೊತ್ತಿಗೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಮಜ್ಜಿಗೆಗೆಂದು ಬಂದು ಬಾಗಿಲಲ್ಲಿ ನಿಂತಿರಬೇಕೆ!

“ಅಕ್ಕಾ, ನಿನ್ನ ಮಗಗ ಆಪರೇಷನ್, ನಿನ್ನ ಸೊಸಿಗೆ ವಾಂತಿ! ಇದ್ಯಾವ ಊರಿನ ಔಷಧನಬೇ?”

“ಮಜ್ಜಿಗಿ ಒಯ್ಯಾಕ ಬಂದಾಕಿ ಮಜ್ಜಿಗಿ ಒಯ್ಯಿ. ನಮ್ಮ ಮನಿ ಮಾತ ಒಯ್ಯಬ್ಯಾಡ.”

ಎರಡನ್ನೂ ಒಯ್ದಳು.

ಸಂಜೆಯೊಳಗೆ ಮಾತು ಚಹಾದಂಗಡಿಗೆ ಮುಟ್ಟಿ, ಅಲ್ಲಿಂದ ಮಗನಿಗೂ ಮುಟ್ಟಿತು. ಮನೆಗೆ ಬಂದವನು ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ. ಕಂಬಳಿ ಹೆಗಲಿಗೆ ಹಾಕಿ, ಜೋಳಕ್ಕೆ ಹಂದಿ ಬೀಳದಂತೆ ಕಾಯುತ್ತೇನೆಂದು ಹೊಲದ ಗುಡಿಸಲಿಗೆ ಹೋದ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಸೊಸೆ ಟ್ರಂಕಿಗೆ ಸೀರೆ ತುಂಬಿಟ್ಟಳು.

“ಅತ್ತಿ, ಬೈದಿದ್ರ ನಾನೂ ತಿರುಗಿ ಬೈತಿದ್ದೆ. ಸುಮ್ಮನಿದ್ದವರಿಗೆ ಏನ ಅನ್ನಲಿ? ನಾ ತಪ್ಪು ಮಾಡಿಲ್ಲಂತ ನಾಲ್ಕ ಮಂದಿ ಮುಂದ ಅವರ ಬಾಯಿಂದನ ಬರಬೇಕು. ಬರಲಿಲ್ಲಂದ್ರ ಮಕ್ಕಳನ ಕರಕೊಂಡು ದೇಗಾಂವಿಗೆ ಹೋಗ್ತೇನಿ. ತಿರುಗಿ ಬರೂದಿಲ್ಲ.”

ಅವಳು ಆಡಿದರೆ ಆಡಿದ ಹಾಗೆ. ಒಮ್ಮೆ ಯಾವುದೋ ಸಿಟ್ಟಿಗೆ ಚಹಾ ಬಿಟ್ಟೆನೆಂದವಳು ಇಂದಿಗೂ ಬಟ್ಟಲು ಮುಟ್ಟಿಲ್ಲ. ನನಗೆ ಅವಳ ಮೇಲೆ ಅನುಮಾನ ಬರಲಿಲ್ಲ. ಇಡೀ ದಿನ ನನ್ನ ಕಣ್ಣ ಮುಂದೆ ಇರುವವಳು. ಅನುಮಾನ ಬಂದದ್ದು ಮಗನ ಆ ‘ಮುಗೀತು’ ಎಂಬ ಮಾತಿನ ಮೇಲೆ.

ಬುತ್ತಿ ಕಟ್ಟಿಕೊಂಡು ನಾನೇ ಹೊಲಕ್ಕೆ ಹೋದೆ.

“ಅವತ್ತ ಡಾಕ್ಟರ್ ಏನೇನ ಹೇಳಿ ಕಳಿಸಿದ್ರು?”

“ಯವ್ವಾ, ಅದನ್ನೆಲ್ಲಾ ನಿನ್ನ ಮುಂದ ಹೆಂಗ ಹೇಳಲಿ?”

“ನಿನ್ನ ಹಡದಾಕಿ ನಾನು. ಹೇಳು.”

“ಮೂರ ತಿಂಗಳ ಬಿಟ್ಟು ಪರೀಕ್ಷಾಕ ಬಾ ಅಂದಿದ್ರು.”

“ಹೋದಿ?”

“ಗಾಯ ಮಾಯ್ದಿತ್ತಲ್ಲ, ಮತ್ಯಾಕಂತ... ಅಲ್ಲಿ ಪರೀಕ್ಷಾ ಮಾಡಾವ ನಮ್ಮ ಬೀಗರ ಪೈಕಿ. ಡಬ್ಬಿ ಹಿಡಕೊಂಡು ಅವನ ಮುಂದ ಹೆಂಗ ನಿಂದರಲಿ?”

“ಅಲ್ಲೀತನ ಬಳಸಾಕ ಏನೂ ಕೊಟ್ಟಿದ್ದಿಲ್ಲೇನು?”

ಅವನು ಜೋಳದ ಕಡೆ ನೋಡಿದ. ನಿರೋಧ್ ಕೊಟ್ಟಿದ್ದರು. ಅವೂ ಗಾಯ ಮಾಯುವವರೆಗೆ ಅಷ್ಟೇ ಎಂದು ಅವನ ಲೆಕ್ಕ!

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಏಕೆಂದರೆ ಅವನ ಆಪರೇಷನ್ ಆದ ಬೇಸಿಗೆಯಲ್ಲೇ ನಮ್ಮ ಹೋರಿಗೆ ಬೀಜ ಒಡೆಸಿದ್ದೆವು. ದನದ ಡಾಕ್ಟರು ಇಕ್ಕಳ ಹಾಕಿ ಒತ್ತಿ, ಒಳಗೆ ಉಳಿದದ್ದು ಹೋಗುವವರೆಗೆ ಆಕಳುಗಳ ಹತ್ತಿರ ಬಿಡಬೇಡಿ, ಗಬ್ಬ ಆದಾವು ಎಂದಿದ್ದರು. ಇದೇ ನನ್ನ ಮಗ ದನದ ಕೊಟ್ಟಿಗೆಯ ಆ ತುದಿಗೆ ಹೊಸ ಗೂಟ ಹೊಡೆದು, ಹೊಸ ಹಗ್ಗ ತಂದು ಕಟ್ಟಿದ್ದ. ಪಾಪ ಬಿಸಿಲೆಂದು ನಾನೊಮ್ಮೆ ಬಿಚ್ಚಿ ಈಚೆ ತಂದರೆ ನನ್ನ ಮೇಲೆ ಹರಿಹಾಯ್ದಿದ್ದ.

“ಲೇ, ಹೋರಿಗೆ ಬ್ಯಾರೆ ಗೂಟ ಹೊಡದಿ. ನಿನಗ ಯಾರ ಹೊಡಿಬೇಕಿತ್ತೋ?”

ಮಗ ಗುಡಿಸಲ ಮುಂದೆ ಕಟ್ಟಿದ್ದ ಹೋರಿಯನ್ನು ನೋಡಿದ, ನನ್ನನ್ನು ನೋಡಿದ, ಒಡ್ಡಿನ ಮೇಲೆ ಕುಸಿದು ಕುಳಿತ.

“ಹಂಗಾರ ಯವ್ವಾ...”

“ಹಂಗಾರ ಏನು? ಬಸ್ ಹತ್ತು.”

ಬೈಲಹೊಂಗಲದ ಬಸ್ಸಿನಲ್ಲಿ ಮಗ ಡ್ರೈವರನ ಹಿಂದೆ, ಸೊಸೆ ಕೊನೆಯ ಸೀಟಿನಲ್ಲಿ, ನಾನು ನಡುವೆ. ಎರಡೂ ಕಡೆ ತಿರುಗಿ ಬೈದು ಬೈದು ಕುತ್ತಿಗೆ ನೋವು ಬಂತು. ಬೀಗರ ಹುಡುಗ ಏನೂ ನಗಲಿಲ್ಲ. ಡಬ್ಬಿ ಕೊಟ್ಟು ಕೋಣೆ ತೋರಿಸಿದ, ಅಷ್ಟೇ. ಇಷ್ಟಕ್ಕೆ ಊರೆಲ್ಲ ಹೊತ್ತಿ ಉರಿದಿತ್ತು! ಫಲಿತಾಂಶ ಬಂದ ಮೇಲೆ ನಾನೇ ಡಾಕ್ಟರಮ್ಮನನ್ನು ಬಾಯಿ ಬಿಟ್ಟು ಕೇಳಿದೆ.

“ಡಾಕ್ಟರ್ ಬಾಯಾರ, ನರ ಕೊಯ್ದ ಮ್ಯಾಲೂ ಬಸುರ ಆಗತಾರೇನ್ರಿ?”

“ಆಗಬಹುದರಿ ಅಮ್ಮಾ. ಕೊಯ್ಯೂಕಿಂತ ಮೊದಲ ಮುಂದ ಹೋದದ್ದು ಒಳಗ ಉಳದಿರತೈತಿ. ಖಾಲಿ ಆಗಾಕ ತಿಂಗಳಗಟ್ಟಲೆ ಹಿಡಿತೈತಿ. ಪರೀಕ್ಷಾದಾಗ ಏನೂ ಇಲ್ಲಂತ ಬಂದ ಮ್ಯಾಲೆ ಆಗೂದು ಭಾಳ ಅಪರೂಪ, ಸಾವಿರಾರು ಮಂದ್ಯಾಗ ಒಬ್ಬರಿಗೆ. ಪರೀಕ್ಷಾನ ಮಾಡಸದವರಿಗೆ ಆ ಮಾತು ನಡ್ಯೂದಿಲ್ರಿ. ನಿಮ್ಮ ಮಗಂದರಾಗ ಇನ್ನೂ ಸ್ವಲ್ಪ ಅದಾವು. ಏನೂ ಇಲ್ಲ ಅನ್ನೂತನ ಬಂದು ತೋರಸಬೇಕು.”

ಆಮೇಲೆ ಸೊಸೆಯ ಕಡೆ ತಿರುಗಿ, ಇಟ್ಟುಕೊಳ್ಳುವುದು ಬಿಡುವುದು ನಿನ್ನ ಮನಸ್ಸು, ಇಟ್ಟುಕೊಂಡರೆ ಬಹಳ ಜೋಪಾನ ಬೇಕು ಎಂದರು.

“ಕೂಸು ನನಗ ಬೇಕ್ರಿ,” ಎಂದಳು ಸೊಸೆ. “ಇವರು ಬೇಕೋ ಬ್ಯಾಡೋ ನೋಡ್ತೇನಿ.”

ತಿರುಗಿ ಬರುವಾಗ ಮಗ ಅವಳ ಪಕ್ಕದಲ್ಲೇ ಬಂದು ಕುಳಿತ. ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಮನೆಗೆ ಬಂದು ತಪ್ಪಾಯಿತು ಎಂದ. ನಾಲ್ಕು ಮಂದಿ ಎಲ್ಲಿ ಎಂದಳು. ಟ್ರಂಕು ಮಂಚದ ಕೆಳಗೆ ಹಾಗೆಯೇ ಇತ್ತು.

ನಾಲ್ಕು ಮಂದಿ ತಾನೆ? ನಾನು ಓಣಿಯನ್ನೇ ಕರೆದೆ. ಏಳು ತಿಂಗಳಾದಾಗ ಕುಬಸ ಇಟ್ಟೆ. ನಮ್ಮಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ ಕುಬಸ ಮಾಡುವುದು ಚೊಚ್ಚಲಿಗೆ ಮಾತ್ರ.

“ಮೂರನೇದಕ್ಕ ಕುಬಸಾ? ಮಂದಿ ನಗತಾರ ಅಕ್ಕಾ,” ಎಂದಳು ನೆಗೆಣ್ಣಿ.

“ಈಗೇನ ಅಳಾಕ ಹತ್ಯಾರೇನ? ಬಾ ನೀನು. ಮುಂದನ ಕುಂದ್ರು.”

ಆರತಿಗೆ ಮೊದಲು ಹೆಣ್ಣುಮಕ್ಕಳೆಲ್ಲ ಒಡಪಿಗೆ ಗಂಟುಬಿದ್ದರು. ಒಡಪು ಎಂದರೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಪ್ರಾಸ ಹಚ್ಚಿ ಹೇಳುವುದು. ಸೊಸೆ ತನ್ನ ಬಳೆ ಎಣಿಸುತ್ತ ಕುಳಿತಳು. ಮಗ ಎದ್ದು ನಿಂತ, ಬೆವರು ಒರೆಸಿಕೊಂಡ. ಇವನು ತನ್ನ ಮದುವೆಯಲ್ಲೂ ಅರ್ಧ ಒಡಪು ಹೇಳಿ ಮರೆತವನು.

“ದನದ ಡಾಕ್ಟರ್ ಹೇಳಿದಂಗ ಹೋರಿ ದೂರ ಕಟ್ಟೀನಿ,
ಮಂದಿ ಡಾಕ್ಟರ್ ಹೇಳಿದ್ದನ್ನ ಗಾಳಿಗೆ ಬಿಟ್ಟೀನಿ.
ತಪ್ಪೂ ನಂದು, ಕೂಸೂ ನಂದು...”

ಕಡೆಗೆ ಅವಳ ಹೆಸರು ಹೇಳಿದ. ಗಟ್ಟಿಯಾಗಿಯೇ ಹೇಳಿದ. ಆಮೇಲೆ ನೆಗೆಣ್ಣಿಯೇ ಮೊದಲು ನಕ್ಕಳು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಸೊಸೆ ನಗಲಿಲ್ಲ. ಸರಿದು ಅವನಿಗೆ ಮಣೆಯ ಮೇಲೆ ಜಾಗ ಕೊಟ್ಟಳು. ಮರುದಿನ ಟ್ರಂಕಿನ ಸೀರೆಗಳು ಹಗ್ಗದ ಮೇಲೆ ಬಿಸಿಲು ಕಾಯುತ್ತಿದ್ದವು.

ಮಗಳು ಹುಟ್ಟಿದಳು. ಬಂಗಾರ! ತಾಯಿಗೂ ಏನೂ ಆಗಲಿಲ್ಲ. ನಾನು ಇಡೀ ಓಣಿಗೆ ಪೇಡೆ ಹಂಚಿದೆ. ಆದರೆ ನನ್ನ ಮಗನ ಎರಡನೆಯ ಪರೀಕ್ಷೆ? ಮೊದಲು ಬಿತ್ತನೆ ಅಂದ, ಆಮೇಲೆ ಕಳೆ ಅಂದ, ಆಮೇಲೆ ಬಸ್ ತಪ್ಪಿತು ಅಂದ. ಸೊಸೆ ಅವನ ಹಾಸಿಗೆ ಎತ್ತಿ ಪಡಸಾಲೆಯಲ್ಲಿ ಒಗೆದಳು.

“ಚೀಟಿ ತರೂತನ ನಿಮ್ಮ ಗೂಟ ಇಲ್ಲೇ ರೀ.”

ಇವತ್ತು ಮುಂಜಾನೆ ಹೊರಟ. ನೆಗೆಣ್ಣಿ ಕಟ್ಟೆಯ ಮೇಲಿಂದಲೇ ಕೂಗಿದಳು: “ಎಲ್ಲಿಗೆ ಹೊಂಟ್ಯೋ ಶಾಣ್ಯಾ?”

“ಬೈಲಹೊಂಗಲಕ್ಕ ಕಾಕೂ, ಪರೀಕ್ಷಾಕ!”

ಬಸ್ ನಿಲ್ದಾಣದವರೆಗೂ ಕೇಳಿಸಿರಬೇಕು. ಕೂಸು ಬೆಚ್ಚಿ ಎದ್ದು ಅತ್ತಿತು, ನಾನು ತೊಡೆಗೆ ಹಾಕಿಕೊಂಡೆ. ಬಿಸಿಲು ಇಳಿಯುತ್ತ ಬಂತು, ಮಗ ಇನ್ನೂ ಬಂದಿಲ್ಲ. ಚಹಾದಂಗಡಿಯಲ್ಲಿ ಕುಳಿತಿದ್ದಾನೆ ಎಂದು ಯಾರಾದರೂ ಹೇಳಲಿ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ ಎಬ್ಬಿಸಿಕೊಂಡು ಬರುತ್ತೇನೆ.