ನನ್ನ ಮಣಿಕಟ್ಟಿನ ಮಹಾತ್ಮೆ

ಕೆಲವು ದಿನಗಳ ಮಟ್ಟಿಗೆ ನಾನು ಕುಷ್ಟಗಿಯ ವೀರಪುರುಷನಾಗಿದ್ದೆ. ನಂಬುವುದಿಲ್ಲವೇ? ನನ್ನ ಹೆಂಡತಿಯೂ ನಂಬಲಿಲ್ಲ. (ಅವಳಿಗೆ ಒಳಗಿನ ಸಂಗತಿ ಗೊತ್ತಿತ್ತು.)

ಆದದ್ದಿಷ್ಟು. ನಾನು ಸಾಲೆ ಮಾಸ್ತರ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕಾದ ಇನ್‌ಸ್ಪೆಕ್ಟರ್ ಸಾಹೇಬರು ಕೊಪ್ಪಳದಿಂದ ಬರುವ ದಿನವೇ ಬಚ್ಚಲಲ್ಲಿ ಜಾರಿ, ಬಲಗೈ ಊರಿ ಬಿದ್ದೆ. ಮಣಿಕಟ್ಟು ಬದನೆಕಾಯಿಯಂತೆ ಉಬ್ಬಿತು. ಎಲುಬು ಕಟ್ಟುವ ಅಜ್ಜ ತತ್ತಿಯ ಬಿಳಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರ ಪಟ್ಟಿ ಇಟ್ಟು ಬಿಗಿದ. "ಬಾವು ಇಳಿಯೂತನಕ ಕೈ ಬಗ್ಗಸಬ್ಯಾಡ್ರಿ ಮಾಸ್ತರ" ಅಂದ. ಅದರ ಮೇಲೆ ಶೇರ್ವಾನಿಯ ತೋಳು ಎಳೆದುಕೊಂಡೆ. ಸಾಹೇಬರ ಮುಂದೆ ಠೀವಿ ಬೇಡವೇ?

ಆಗ ತಿಳಿಯಿತು ಮಣಿಕಟ್ಟಿನ ಬೆಲೆ. ಮುಂದೋಳಿನ ಎಲುಬಿನ ತುದಿಯಲ್ಲಿ ಒಂದು ತಗ್ಗು. ಅಂಗೈ ಬುಡದ ಸಣ್ಣ ಎಲುಬುಗಳು ಒಟ್ಟಾಗಿ, ತತ್ತಿಯಾಕಾರದ ಉಬ್ಬಾಗಿ ಅದರೊಳಗೆ ಕೂತಿವೆ. ಅದಕ್ಕೇ ಕೈ ಮೇಲೆ ಕೆಳಗೆ ಬಾಗುತ್ತದೆ, ಎಡಕ್ಕೂ ಬಲಕ್ಕೂ ವಾಲುತ್ತದೆ. ಬುಗುರಿಯಂತೆ ತಿರುಗುವುದು ಮಾತ್ರ ಆಗದು. ನಾವು ಕೀಲಿ ತಿರುವುವಾಗ ಹೊರಳುವುದು ಮುಂದೋಳಿನ ಜೋಡಿ ಎಲುಬು. ಬೆರಳ ಬುಡದ ಗೆಣ್ಣುಗಳದೂ ಮಣಿಕಟ್ಟಿನದೇ ಜಾತಿ. ಮೊರದಲ್ಲಿ ಕೇರಲು, ಮುಖ್ಯವಾಗಿ ಸಲಾಮು ಹೊಡೆಯಲು, ಇದಕ್ಕಿಂತ ಒಳ್ಳೆಯ ಡಿಸೈನ್ ಉಂಟೇ? (ಇದನ್ನು ವರ್ಷಾವರ್ಷ ಪಾಠ ಹೇಳುವವನು ನಾನೇ. ಬಚ್ಚಲಲ್ಲಿ ಉಪಯೋಗಕ್ಕೆ ಬರಲಿಲ್ಲ.)

ಸಾಹೇಬರು ಬಂದರು. ಸಾಲಾಗಿ ನಿಂತ ಮಾಸ್ತರರೆಲ್ಲ ನಡು ಬಗ್ಗಿಸಿ, ಅಂಗೈ ಹಣೆಗೆ ತಂದು ಆದಾಬ್ ಮಾಡಿದರು. ನಾನು? ಬಲಗೈ ಬಾಗದು, ಹಾಗೇ ಎತ್ತಿದರೆ ಕಪಾಳಕ್ಕೆ ಬಾರಿಸಲು ಎತ್ತಿದಂತೆ ಕಾಣುತ್ತದೆ. ಎಡಗೈ ಸಲಾಮು ಎಂದರೆ ಅಪಮಾನ. ವಿವರಿಸೋಣವೆಂದರೆ ಸಾಹೇಬರಿಗೆ ಕನ್ನಡ ಬಾರದು, ಗಾಬರಿಯಲ್ಲಿ ನನ್ನ ಉರ್ದು ಪರಾರಿ. ಕಂಬದಂತೆ ನಿಂತೆ. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದೆ ನಡೆದರು. ನೌಕರಿ ಹೋಯಿತು ಎಂದುಕೊಂಡೆ.

ಸಂಜೆ ಬಜಾರಿಗೆ ಹೋದರೆ ಚಹಾದಂಗಡಿಯ ಬಸಣ್ಣ ಎದ್ದು ನಿಂತ. "ಸಲಾಮ ಹೊಡಿಲಿಲ್ಲಂತಲ್ರಿ ಮಾಸ್ತರ. ಭಾಳ ಛಲೋ ಮಾಡಿದ್ರಿ. ಊರಾಗ ನೀವೊಬ್ಬರರ ಗಂಡಸರು ಅದೀರಿ." ಅಧಿಕಾರಿಗಳ ಮುಂದೆ ಬಗ್ಗಿ ಬಗ್ಗಿ ಊರಿಗೆ ಸಾಕಾಗಿದೆ, ನಿಮಗೆ ಗೊತ್ತೇ ಇದೆ. ನನಗಾಗಿ ಬೆಂಚು ಖಾಲಿಯಾಯಿತು. ಚಹಾ ದೊಡ್ಡ ಗ್ಲಾಸಿನಲ್ಲಿ ಬಂತು. ನಾನು ಇಲ್ಲವೆನ್ನಲಿಲ್ಲ. ಪಟ್ಟಿ ಕಾಣದಂತೆ ಶೇರ್ವಾನಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡೆ. ಮುಂದೆ ಆ ಬಿಸಿಲಲ್ಲೂ ಶೇರ್ವಾನಿ ಬಿಡದೆ ತಿರುಗಿದೆ.

"ಕೈ ಉಳುಕೇತಿ ಅಂತ ಅವರಿಗೆ ಹೇಳಬಾರದೇನ್ರಿ?" ಎಂದಳು ಹೆಂಡತಿ.

"ಹೇಳೋಣು. ಮೊದಲ ಬಾವು ಇಳೀಲಿ."

"ಕೈಯಿಂದು ಇಳದೈತಿ. ಉಳಿದದ್ದು ಇಳಿಯೂ ಹಂಗ ಕಾಣವಲ್ದು."

ಮೊನ್ನೆ ಸಾಹೇಬರು ಮತ್ತೆ ಬಂದರು. ನನ್ನ ಪಟ್ಟಿ ಬಿಚ್ಚಿಯಾಗಿತ್ತು. ಸಾಲೆಯ ಗೋಡೆಯಾಚೆ ಬಸಣ್ಣ, ಅವನ ಹಿಂದೆ ಅರ್ಧ ಬಜಾರು. ಬಾಗಿದರೆ ಊರಲ್ಲಿ ಮರ್ಯಾದೆ ಹೋಗುತ್ತದೆ, ಬಾಗದಿದ್ದರೆ ನೌಕರಿ. ನಾನಿನ್ನೂ ಯೋಚಿಸುತ್ತಲೇ ಇದ್ದೆ. ಮಣಿಕಟ್ಟು ಯೋಚಿಸಲಿಲ್ಲ. ಚೂರೂ ನೋವಿಲ್ಲದೆ ಬಾಗಿತು. ಸಾಲದೆಂದು ಮತ್ತೊಮ್ಮೆ ಬಾಗಿತು. ಸಾಹೇಬರು ನಕ್ಕು, ಕಾಯಂ ಮಾಡುವ ಮಾತು ಕೊಟ್ಟರು. ಬಸಣ್ಣ ಹೆಗಲ ಮೇಲಿನ ವಸ್ತ್ರ ಜಾಡಿಸಿಕೊಂಡು ಹೊರಟುಹೋದ. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚು ಎಂದು ಮಾತ್ರ ಕೇಳಬೇಡಿ.

ಬಾಗಲಿಕ್ಕೆಂದು ಮೈತುಂಬ ಇಷ್ಟೊಂದು ಕೀಲು ಇಟ್ಟ ದೇವರು, ಬಾಗದೆ ನಿಲ್ಲುವ ಕೆಲಸವನ್ನು ಯಾವ ಎಲುಬಿಗೆ ಒಪ್ಪಿಸಿದ್ದಾನೆ?