ಬಾಳೆನಾರಿನ ಅಡ್ಡಿಕೆ

ಬೆಳಕವಾಡಿಯ ಹೊಂಬಾಳಮ್ಮನ ಸೊಂಟದ ಚೀಲದಲ್ಲಿ ಎಲೆಯಡಿಕೆಯ ಜೊತೆಗೆ ಮೂಳೆಯ ಲಾಳಿಯೊಂದು ಸದಾ ಇರುತ್ತಿತ್ತು. ಬೆರಳುದ್ದದ್ದು, ಮಗ್ಗದ ಲಾಳಿಯ ಮರಿ ಎನ್ನಬಹುದು. ಶಿವನಸಮುದ್ರದ ಕರೆಂಟು ಕೆಲಸದ ಎಂಜಿನಿಯರೊಬ್ಬರ ಬಂಗಲೆಯಲ್ಲಿ ಎರಡು ವರ್ಷ ಪಾತ್ರೆ ತಿಕ್ಕಿದಾಗ ಅಲ್ಲಿಯ ದೊರೆಸಾನಿ ಕೊಟ್ಟದ್ದು. ಬೆರಳಿಗೆ ನೂಲು ಸುತ್ತಿ, ಲಾಳಿ ತೂರಿಸಿ, ಗಂಟಿನ ಪಕ್ಕಕ್ಕೆ ಗಂಟು ಕೂರಿಸಿ ಪುಟ್ಟ ಪುಟ್ಟ ಸುತ್ತುಗಳನ್ನು ಕಟ್ಟುವ ವಿದ್ಯೆಯನ್ನೂ ಅವಳೇ ಕಲಿಸಿದ್ದಳು. ದೊರೆಸಾನಿ ಕಟ್ಟುತ್ತಿದ್ದುದು ಕರವಸ್ತ್ರದ ಅಂಚನ್ನು. ಹೊಂಬಾಳಮ್ಮನ ಮನೆಯಲ್ಲಿ ಕರವಸ್ತ್ರ ಯಾರಿಗೆ ಬೇಕಿತ್ತು? ಅವಳು ಕೊರಳಿಗೂ ಕಿವಿಗೂ ಒಡವೆ ಕಟ್ಟಿದಳು.

ಯುದ್ಧ ಬಂದು ನೂಲು ಸಿಗದಾಯಿತು. ಅವಳು ಬಾಳೆಪಟ್ಟೆಯ ನಾರು ಸೀಳಿದಳು, ಬೇಲಿಯ ಕತ್ತಾಳೆ ಕೊಳೆಹಾಕಿದಳು, ಮಳವಳ್ಳಿಯ ಜಟಕಾದವರನ್ನು ಕಾಡಿ ಕುದುರೆ ಬಾಲದ ಕೂದಲು ತಂದಳು. "ಇವಳ ಕಣ್ಗೆ ಬಿದ್ದ ಕುದ್ರೆಗೆ ಬಾಲ ಉಳಿಯಾಕಿಲ್ಲ ಬುಡು" ಎಂದು ಗಂಡ ಜವರಯ್ಯ ಊರೆಲ್ಲ ಹೇಳಿಕೊಂಡು ಬಂದ.

ಅವಳದೊಂದು ಹಳೆಯ ನೋವಿತ್ತು. ಮದುವೆಗೆ ನೆಂಟರ ಒಡವೆ ಎರವಲು ತಂದು ಹೆಣ್ಣಿಗೆ ಹಾಕುವುದು ಆ ಕಡೆಯ ರೂಢಿ. ಅವಳ ಕೊರಳಿಗೂ ಯಾರದೋ ಚಿನ್ನದ ಅಡ್ಡಿಕೆ ಬಿಗಿದಿದ್ದರು. ಮೂರನೆಯ ದಿನ ಬೆಳಿಗ್ಗೆ ಒಡವೆಯ ಒಡತಿ ಬಂದು, ರಾಗಿ ಬೀಸುತ್ತಿದ್ದವಳ ಕತ್ತಿನಿಂದಲೇ ಬಿಚ್ಚಿಕೊಂಡು ಹೋದಳು. ಮಗಳು ಮಲ್ಲಿಗಮ್ಮನಿಗೆ ತಲೆ ಬಾಚುವಾಗಲೆಲ್ಲ ಇದೇ ಕಥೆ. ಕೇಳಿ ಕೇಳಿ ಹುಡುಗಿಗೆ ಬಾಯಿಪಾಠವಾಗಿತ್ತು.

ನಲವತ್ನಾಲ್ಕನೆಯ ಇಸವಿಯಲ್ಲಿ ಮದ್ದೂರಿನ ಬೋರಯ್ಯನಿಗೆ ಮಲ್ಲಿಗಮ್ಮನನ್ನು ಕೊಡುವುದೆಂದಾಯಿತು.

"ನಮ್ಮಕ್ಕನ ಅಡ್ಡಿಕೆ ಇಸ್ಕಂಡು ಬತ್ತೀನಿ. ಮೂರು ದಿನದ ಮಾತು" ಎಂದ ಜವರಯ್ಯ.

"ಮೂರು ದಿನದ ಒಡವೆ ನನ್ ಮಗಳಿಗೆ ಬ್ಯಾಡ" ಎಂದಳು ಹೊಂಬಾಳಮ್ಮ. "ಆಕುದ್ದು ಅವಳ ಕತ್ನಲ್ಲೇ ಇರ್ಬೇಕು."

ನಾಲ್ಕು ತಿಂಗಳು ಕೂತು ಕಟ್ಟಿದಳು. ಕೂದಲೆಳೆಯಷ್ಟು ಸಣ್ಣಗೆ ಸೀಳಿದ ಬಾಳೆನಾರಿಗೆ ಅರಿಶಿನ ಹಿಡಿಸಿ, ಮೂರು ಸಾಲು ಸುತ್ತು, ಹಿಂದೆ ಸಿಕ್ಕಿಸಲು ಒಂದು ಕುಣಿಕೆ. ಧಾರೆಯ ಹೊತ್ತಿಗೆ ಚಪ್ಪರದ ಬಿಸಿಲಲ್ಲಿ ಅದು ಹೊಳೆಯಿತು. ಚಿನ್ನವೋ ಅಲ್ಲವೋ ಎಂದು ಹೆಂಗಸರು ಗುಸುಗುಸು ಮಾತಾಡಿಕೊಂಡರು. ಆ ಒಂದು ದಿನ ಹೊಂಬಾಳಮ್ಮನಷ್ಟು ಸುಖಿ ಯಾರೂ ಇರಲಿಲ್ಲ.

ಮೂರನೆಯ ದಿನ ಮದ್ದೂರಿನಲ್ಲಿ, ಬಾಸಿಂಗವನ್ನೂ ಬಾಡಿದ ಹಾರಗಳನ್ನೂ ಶಿಂಷಾ ಹೊಳೆಗೆ ಬಿಡಲು ಹೊರಟರು. ಅತ್ತೆ ಚಿಕ್ಕನಂಜಮ್ಮ ಸೊಸೆಯ ಕೊರಳಿಗೆ ಕೈಹಾಕಿ ನೋಡಿದರೆ ಬಾಳೆನಾರು! ಆ ಮನೆಯಲ್ಲಿ ಬಾಳೆನಾರು ಇದ್ದದ್ದು ಹೂ ಕಟ್ಟಲಿಕ್ಕೆ. ನಾರಿನಲ್ಲಿ ಕಟ್ಟಿದ್ದೆಲ್ಲ ಹೂವು, ಮದುವೆಯ ಹೂವನ್ನು ತುಳಿದಾಡಬಾರದು. ಆಕೆ ಅಡ್ಡಿಕೆಯನ್ನು ಬಿಚ್ಚಿ ಹಾರಗಳ ಜೊತೆಗಿಟ್ಟು, ನೀರಿಗೆ ಬಿಟ್ಟು, ಭಕ್ತಿಯಿಂದ ಕೈಮುಗಿದಳು.

ತಿಂಗಳಾದ ಮೇಲೆ ಹೊಂಬಾಳಮ್ಮ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಮಗಳನ್ನು ನೋಡಲು ಬಂದಳು. ಬಾಗಿಲಲ್ಲೇ ಕಂಡದ್ದು, ತಾಳಿಯ ದಾರ ಬಿಟ್ಟರೆ ಬರಿದಾದ ಕೊರಳು.

"ನಾರು ಕಂಡೆ, ಊವ ಅನ್ಕಂಡೆ ಕಣಮ್ಮ. ಒಳೇಗೆ ಬುಟ್ಬುಟ್ಟೆ" ಎಂದಳು ಚಿಕ್ಕನಂಜಮ್ಮ. ಮುಖ ಸಣ್ಣದಾಗಿತ್ತು. ಬೈಯಲು ಅಲ್ಲಿ ಏನೂ ಇರಲಿಲ್ಲ.

ಹೊಂಬಾಳಮ್ಮ ಮಗಳ ಕಡೆ ತಿರುಗಿದಳು. "ನೀನ್ಯಾಕೆ ಸುಮ್ಕಿದ್ದೆ? ನಿಂಗೆ ಬಾಯಿರ್ನಿಲ್ವಾ?"

ಮಲ್ಲಿಗಮ್ಮ ಬೆರಗಾದಳು. "ಮೂರ್ನೇ ದಿನ ಅಲ್ವೇನವ್ವ? ಬಿಚ್ಕಂಡೋಯ್ತಾರೆ ಅಂತ ನೀನೇ ಏಳ್ತಿದ್ದಲ್ಲ. ನಂದೂ ಬಿಚ್ತಾವ್ರೆ ಅನ್ಕಂಡು ನಾನೇ ಕತ್ ಬಗ್ಗಿಸ್ದೆ."

ಹೊಂಬಾಳಮ್ಮನಿಗೆ ಅಳು ಬಂತು. ಹೊಳೆಗೆ ಬಿಟ್ಟವಳ ಮೇಲಿನ ಸಿಟ್ಟೆಲ್ಲ ತನ್ನ ಬಾಯಿಯ ಮೇಲೇ ತಿರುಗಿತು. ಬೀಗಿತಿಯ ಎದುರು ಅಳಬಾರದೆಂದು ಜಗಲಿಗೆ ಬಂದು ಕೂತಳು.

ಅಂದು ಊರಿಗೆ ಹಿಂದಿರುಗಲಿಲ್ಲ. ಮದ್ದೂರು ಸ್ಟೇಷನ್ನಿನ ಜಟಕಾಗಳ ಹತ್ತಿರ ಹೋಗಿ ಕುದುರೆಕೂದಲು ತಂದಳು. ಕುದುರೆಕೂದಲಲ್ಲಿ ಹೂ ಕಟ್ಟುವವರು ಭೂಮಿಯ ಮೇಲೆ ಯಾರೂ ಇಲ್ಲ. ಆರು ದಿನ ಲಾಳಿ ಆಡಿಸಿ, ಕಡೆಯ ಸುತ್ತನ್ನು ಮಗಳನ್ನು ಮುಂದೆ ಕೂರಿಸಿಕೊಂಡು ಕತ್ತಿನ ಮೇಲೆಯೇ ಕಟ್ಟಿದಳು. ಈ ಸಲ ಹಿಂದೆ ಕುಣಿಕೆ ಇಡಲಿಲ್ಲ.

ಮಲ್ಲಿಗಮ್ಮ ಹಿಂಗತ್ತನ್ನು ಮುಟ್ಟಿ ತಡಕಿದಳು. "ಇದ್ನ ಬಿಚ್ಚೋದೆಂಗವ್ವ?"

"ಬಿಚ್ಚಾಕಾಗಾಕಿಲ್ಲ ಕಣವ್ವ" ಎಂದು ಹೊಂಬಾಳಮ್ಮ ಉಳಿದ ಎಳೆಯನ್ನು ಹಲ್ಲಿನಿಂದ ಕಡಿದಳು.