ಅಳಿಯಸಂತಾನದ ಕಂಪ್ಯೂಟರ್

ಚೆನ್ನಕ್ಕ ಟೈಪ್ ಮಾಡುವಾಗ ಕೀಲಿಮಣೆಯ ಕಡೆ ನೋಡುವುದಿಲ್ಲ. ಕಿಟಕಿಯಾಚೆ ಬೇಲಿಗೆ ಹಬ್ಬಿದ ಬಸಳೆ ನೋಡುತ್ತಾರೆ, ಕುಕ್ಕರಿನ ಸೀಟಿ ಎಣಿಸುತ್ತಾರೆ, ಪಕ್ಕದ ಮನೆಯಿಂದ ನಾನು ಹೋಗಿ ಕೂತರೆ ನನ್ನ ಜೊತೆ ಮಾತಾಡುತ್ತಾರೆ. ಹತ್ತು ಬೆರಳು ಮಾತ್ರ ತಮ್ಮ ಪಾಡಿಗೆ ಕನ್ನಡ ಹೊಡೆಯುತ್ತಿರುತ್ತವೆ. ಇಪ್ಪತ್ತೈದು ವರ್ಷದಿಂದ ಕಂಪ್ಯೂಟರಿನಲ್ಲೇ ಹೊಟ್ಟೆ ಹೊರೆಯುತ್ತಿರುವ ನಾನು ಇವತ್ತಿಗೂ ಎರಡು ಬೆರಳಿನಲ್ಲಿ ಕುಟ್ಟುವವನು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವರು ಕಾರ್ಕಳದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಬೆರಳಚ್ಚುಗಾರ್ತಿಯಾಗಿದ್ದವರು. ಕಳ್ಳನ ಮಾತು, ಸಾಹುಕಾರನ ಮಾತು, ಬೇಲಿ ಜಗಳದ ಅಣ್ಣತಮ್ಮಂದಿರ ಮಾತು ಎಲ್ಲವೂ ಆ ಬೆರಳುಗಳ ಮೂಲಕವೇ ಕಾಗದಕ್ಕೆ ಇಳಿದದ್ದು. ಸಾಕ್ಷಿ ಹೇಳಿ ಮುಗಿಸಿದ ಮೇಲೆ ಬರೆದದ್ದನ್ನು ಅವನಿಗೆ ಓದಿ ಹೇಳಿ, ಕೊನೆಗೆ ‘ಓದಿ ಕೇಳಿದೆ, ಸರಿ ಇದೆ’ ಎಂದು ಹೊಡೆದು ಸಹಿ ಹಾಕಿಸುವುದು ಅಲ್ಲಿಯ ಪದ್ಧತಿ. ಗಂಡ ತೀರಿಕೊಂಡ ಮೇಲೆ ಮೆಲ್ಬರ್ನಿನ ಕ್ರೇಗಿಬರ್ನ್‌ಗೆ, ಮಗಳು ಅಶ್ವಿತಾಳ ಮನೆಗೆ ಬಂದರು. ಕೋರ್ಟು ಬಿಟ್ಟರೂ ಕೋರ್ಟಿನ ಭಾಷೆ ಬಿಡಲಿಲ್ಲ. ದಿನಕ್ಕೊಂದು ಪುಟ ದಿನಚರಿ ಹೊಡೆಯುತ್ತಾರೆ, ಅದೂ ಸಾಕ್ಷಿ ಹೇಳಿಕೆಯ ಧಾಟಿಯಲ್ಲೇ. ‘ಈ ದಿನ ಬೆಳಿಗ್ಗೆ ಏಳು ಗಂಟೆಗೆ ಗಂಜಿ ಉಂಡಿರುತ್ತೇನೆ. ಮಗಳಿಂದ ಪಾಟಿ ಸವಾಲು: ಮಾತ್ರೆ ನುಂಗಿರುವುದು ನಿಜ. ಉಪ್ಪಿನಕಾಯಿ ತಿಂದಿದ್ದೇನೆ ಎಂದರೆ ಸರಿಯಲ್ಲ. ಓದಿ ಕೇಳಿದೆ, ಸರಿ ಇದೆ.’ ಪಾಟಿ ಸವಾಲು ಎಂದರೆ ಎದುರು ಪಕ್ಷದ ವಕೀಲ ಸಾಕ್ಷಿಯನ್ನು ಜಾಲಾಡುವ ಪ್ರಶ್ನೆಗಳು. ಉಪ್ಪಿನಕಾಯಿಯ ವಿಷಯದಲ್ಲಿ ಅವರು ಹೇಳಿದ್ದು ಶುದ್ಧ ಸುಳ್ಳು. ಭರಣಿ ಕೊಟ್ಟವನು ನಾನೇ.

ಮೂರು ವರ್ಷದ ಹಿಂದೆ ಅಳಿಯ ಅಭಿನಂದನನಿಗೆ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸವಾಗಿ ಮಗಳು ಅಳಿಯ ಇಬ್ಬರೂ ಅಲ್ಲಿಗೆ ಹೋದರು. ಚಳಿಗಾಲ ಮುಗಿಸಿ ಬರುತ್ತೇನೆ ಎಂದ ಚೆನ್ನಕ್ಕ ಮೂರು ಚಳಿಗಾಲ ಮುಗಿಸಿದರೂ ಕದಲಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅಳಿಯ ಯಾವಾಗ ಬರುತ್ತೀರಿ ಎಂದು ಕೇಳುತ್ತಾನೆ, ಇವರು ‘ನೋಡುವ’ ಎನ್ನುತ್ತಾರೆ. ಅವನು ಬೆಂಗಳೂರಿನ ಹುಡುಗ. ನೋಡುವ ಎಂದರೆ ನೋಡೋಣ, ಅಂದರೆ ಇವತ್ತಲ್ಲ ನಾಳೆ ಆಗುತ್ತದೆ ಎಂದೇ ತಿಳಿದ. ಕರಾವಳಿಯವರ ಬಾಯಲ್ಲಿ ಅದು ‘ಇಲ್ಲ’ ಎನ್ನುವುದರ ಮರ್ಯಾದಸ್ಥ ರೂಪ. ಮೈಸೂರಿನವನಾದ ನನಗೇ ಅದು ಅರ್ಥವಾಗಲು ಎರಡು ವರ್ಷ ಬೇಕಾಯಿತು. ಅಳಿಯ ಪಾಪ, ಅತ್ತೆಗೆಂದು ಮನೆ ಹಿಂದೆ ಒಂದು ರೂಮು ಕಟ್ಟಿಸಲು ನಕ್ಷೆ ಬರೆಸಿ, ಕೌನ್ಸಿಲ್ಲಿನ ಒಪ್ಪಿಗೆಯನ್ನೂ ತಂದಿದ್ದ. ಮಾರ್ಚಿನಲ್ಲಿ ಕೆಲಸ ಶುರು, ಈ ಮನೆಯನ್ನು ರೆಂಟಿಗೆ ಕೊಡುವುದು ಎಂದು ಮಾತು ನಡೆದಿತ್ತು.

ಜನವರಿಯಲ್ಲಿ ಅವನು ಎರಡು ದಿನಕ್ಕೆ ಬಂದಾಗ ಚೆನ್ನಕ್ಕನಿಗೆ ಹೊಸ ಡೆಸ್ಕ್‌ಟಾಪ್ ತಂದುಕೊಟ್ಟ. ಹಳೆಯದು ಗುಂಡುಕಲ್ಲಿನಂತಿತ್ತು. ಆದರೆ ಹೊಸ ಸಿಸ್ಟಮ್ಮಿಗೆ ಅದು ಲಾಯಕ್ಕಿಲ್ಲ ಎಂದು ದಿನವೂ ತನ್ನ ಮೇಲೆ ತಾನೇ ಚಾಡಿ ಹೇಳುತ್ತಿತ್ತು. ಹೊಸದನ್ನು ಜೋಡಿಸಲು ನನ್ನನ್ನೂ ಕರೆದರು. ಬಟನ್ ಒತ್ತಿದೆವು. ಭಾಷೆ ಕೇಳಿತು, ದೇಶ ಕೇಳಿತು, ಆಮೇಲೆ ಆನ್‌ಲೈನ್ ಅಕೌಂಟ್ ಕೇಳಿ ಅಲ್ಲೇ ಕೂತಿತು. ಮುಂದಕ್ಕೆ ಬಿಡದು.

ಇದನ್ನು ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ. ದುಡ್ಡು ಕೊಟ್ಟು ತಂದ ಪೆಟ್ಟಿಗೆ, ನಮ್ಮದೇ ಮೇಜು, ನಮ್ಮದೇ ಕರೆಂಟು. ಆದರೂ ಒಳಗೆ ಹೋಗಲು ಯಾವುದೋ ಕಂಪನಿಗೆ ಹೆಸರು, ವಿಳಾಸ, ಹುಟ್ಟಿದ ದಿನ ಒಪ್ಪಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ಇಂಟರ್ನೆಟ್ಟಿನ ವೈರು ಕಿತ್ತು, ಒಂದು ಗುಟ್ಟಿನ ಸಾಲು ಹೊಡೆದರೆ ಹಿಂದೆಲ್ಲ ದಾರಿ ಬಿಡುತ್ತಿತ್ತು. ಹೊಡೆದೆ. ಆರಿ, ಮತ್ತೆ ಹೊತ್ತಿಕೊಂಡು, ಅದೇ ಪ್ರಶ್ನೆ ಕೇಳಿತು. ಹಾಳಾಗಲಿ ಎಂದು ಚೆನ್ನಕ್ಕನ ಹೆಸರಿನಲ್ಲೇ ಅಕೌಂಟ್ ತೆರೆಯಲು ಹೊರಟರೆ ಸರ್‌ನೇಮ್ ಎಲ್ಲಿ ಎಂದಿತು. ಅವರ ಪಾಸ್‌ಪೋರ್ಟಿನಲ್ಲಿರುವುದು ಬರೀ ‘ಚೆನ್ನು’. ಅಪ್ಪ ಇಟ್ಟದ್ದು ಅಷ್ಟೇ ಎಂದು ಅವರು ಕಂಪ್ಯೂಟರಿಗೇ ಹೇಳಿದರು.

ಅಷ್ಟರಲ್ಲಿ ಅಭಿನಂದನನನ್ನು ಟುಲ್ಲಮರೀನ್ ಏರ್‌ಪೋರ್ಟಿಗೆ ಕರೆದೊಯ್ಯುವ ಟ್ಯಾಕ್ಸಿ ಬಾಗಿಲಿಗೆ ಬಂತು. ಅವನು ನಿಂತಲ್ಲಿಂದಲೇ ಬಗ್ಗಿ ತನ್ನ ಅಕೌಂಟನ್ನೇ ಹಾಕಿದ. "ಸದ್ಯಕ್ಕೆ ನಂದೇ ಇರ್ಲಿ ಅಂಕಲ್, ಆಮೇಲೆ ಚೇಂಜ್ ಮಾಡಿದ್ರಾಯ್ತು" ಎಂದ. ನಾನೂ ಹೂಂ ಎಂದೆ. ನಮ್ಮವರ ಜಾಯಮಾನವೇ ಹೀಗೆ. ಊರಿನಲ್ಲಿ ಅಜ್ಜಿಯ ಗ್ಯಾಸ್ ಬುಕ್ಕಿಂಗಿಗೂ ಮೊಮ್ಮಗನ ನಂಬರು, ಚಿಕ್ಕಪ್ಪನ ಪೆನ್ಷನ್ನಿಗೂ ಅಣ್ಣನ ಇ-ಮೇಲು. ಮನೆಗೊಂದಿದ್ದರೆ ಸಾಲದೇ ಎನ್ನುವ ಜನ ನಾವು. ವೃತ್ತಿಯಿಂದ ಇದೇ ಕೆಲಸ ಮಾಡುವ ನನಗೆ ಬುದ್ಧಿ ಬೇಡವೇ?

ಮೂರು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ ಚೆನ್ನಕ್ಕ ಕರೆದರು. ಕಂಪ್ಯೂಟರು ದಿನಾ ‘ಸ್ವಾಗತ ಅಭಿನಂದನ್’ ಎನ್ನುತ್ತದೆ, ಎದುರು ಕೂತವಳು ನಾನು ಎಂದು ಅದಕ್ಕೆ ಹೇಳಿ ಎಂದರು. ತೆರೆದು ನೋಡಿದೆ. ಅವರ ದಿನಚರಿಯ ಪ್ರತಿ ಪುಟದ ಪಕ್ಕದಲ್ಲೂ ಪುಟ್ಟ ಮೋಡದ ಗುರುತು. ಇವರು ಇಲ್ಲಿ ಬರೆದಿಟ್ಟದ್ದೆಲ್ಲ ಅಕೌಂಟಿನ ಜೊತೆ ಮೇಲೇರಿ, ಸಿಡ್ನಿಯಲ್ಲಿ ಅಳಿಯನ ಮನೆಯ ಕಂಪ್ಯೂಟರಿನಲ್ಲಿ ಇಳಿಯುತ್ತಿತ್ತು.

ವಿಷಯ ಬಿಡಿಸಿ ಹೇಳಿದೆ. ಅವರು ಬಸಳೆಯ ಕಡೆ ತಿರುಗಿದರು.

"ಹಾಗಾದ್ರೆ ಇದು ಅಳಿಯಸಂತಾನದ ಕಂಪ್ಯೂಟರ್. ದುಡಿಯುವುದು ನಾನು, ಹಕ್ಕು ಅಳಿಯನದ್ದು."

ಅವರ ಕಡೆ ಹಿಂದೆ ಆಸ್ತಿ ಮಗನಿಗಲ್ಲ, ಅಳಿಯನಿಗೆ ಹೋಗುತ್ತಿತ್ತು. ಅಲ್ಲಿ ಅಳಿಯ ಎಂದರೆ ಸೋದರಿಯ ಮಗ, ಮಗಳ ಗಂಡನಲ್ಲ. ಅದು ಗೊತ್ತಿದ್ದೇ ಅವರು ತಮಾಷೆ ಮಾಡಿದ್ದು. ನಾನು ನಕ್ಕೆ, ಅವರು ನಗಲಿಲ್ಲ. ಹೋದ ಮಂಗಳವಾರದ್ದೂ ಹೋಗಿದೆಯಾ ಎಂದು ಕೇಳಿದರು. ಹೋಗಿತ್ತು. ಓದಿ ಎಂದು ಕುರ್ಚಿ ಸರಿಸಿಕೊಟ್ಟರು.

‘ನನ್ನ ಅಳಿಯನು ಒಳ್ಳೆಯವನಿರುತ್ತಾನೆ. ಅವನ ಮೇಲೆ ನನಗೆ ಯಾವುದೇ ದ್ವೇಷ ಇರುವುದಿಲ್ಲ. ಆದರೆ ನನಗೆ ಸಿಡ್ನಿಗೆ ಹೋಗಲು ಮನಸ್ಸಿರುವುದಿಲ್ಲ. ಇಲ್ಲಿ ರೈಲಿನಲ್ಲಿ ನಿದ್ದೆ ಬಂದರೂ ನನಗೆ ಹೆದರಿಕೆ ಇಲ್ಲ, ಕ್ರೇಗಿಬರ್ನ್ ಕೊನೆಯ ಸ್ಟೇಷನ್ ಆಗಿರುತ್ತದೆ. ಈ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಹನ್ನೊಂದು ಮಂದಿ ಇರುತ್ತಾರೆ. ಅಲ್ಲಿ ನಾನು ಬರೀ ಅಶ್ವಿತಾಳ ಅಮ್ಮ. ಇದನ್ನು ಬಾಯಿಬಿಟ್ಟು ಹೇಳಿದರೆ ಅವರಿಗೆ ನೋವಾಗುತ್ತದೆ ಎಂದು ಹೇಳಿರುವುದಿಲ್ಲ.’

ಆ ಪುಟದ ಕೊನೆಯಲ್ಲಿ ಮಾತ್ರ ‘ಓದಿ ಕೇಳಿದೆ, ಸರಿ ಇದೆ’ ಇರಲಿಲ್ಲ. ಯಾಕೆ ಎಂದೆ. ಇದನ್ನು ಯಾರಿಗೂ ಓದಿ ಹೇಳಿ ಆಗಿಲ್ಲವಲ್ಲ ಎಂದರು.

ತಪ್ಪು ನನ್ನದು. ಅಳಿಸಿಬಿಡುತ್ತೇನೆ, ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ, ಅವನು ಇನ್ನೂ ನೋಡಿರಲಿಕ್ಕಿಲ್ಲ ಎಂದು ಮೌಸ್ ಹಿಡಿದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು ತಡೆದರು.

"ಸಾಕ್ಷಿ ಹೇಳಿ ಆದ ಮೇಲೆ ಕಾಗದ ಹರಿಯಲಿಕ್ಕೆ ಇಲ್ಲ ಭಾಸ್ಕರ್ರೇ. ನನ್ನ ಬಾಯಲ್ಲಿ ಬಾರದ್ದು ಹೇಗೋ ಹೋಗಿ ಮುಟ್ಟಿತು. ಇನ್ನು ಪಾಟಿ ಸವಾಲಿಗೆ ನಿಲ್ಲುವುದು."

ಭಾನುವಾರ ಅಶ್ವಿತಾ ಒಬ್ಬಳೇ ಫೋನಿಗೆ ಬಂದಳು. ಅಳಿಯ ಬರಲಿಲ್ಲ. ಚೆನ್ನಕ್ಕನೂ ಕೇಳಲಿಲ್ಲ. ಸೋಮವಾರ ಅವರ ಮನೆಯಿಂದ ಟೈಪಿನ ಸದ್ದು ಬರಲಿಲ್ಲ. ನಾನು ಅವರನ್ನು ನೋಡಲು ಶುರುಮಾಡಿದ ಮೇಲೆ ಹಾಗಾದದ್ದು ಅದೇ ಮೊದಲು. ಕಟಕಟ ಇಲ್ಲದ ಬೆಳಗು ನನಗೆ ಸಹಿಸಲಾಗಲಿಲ್ಲ. ಆ ಕಂಪನಿಯನ್ನೂ ನನ್ನನ್ನೂ ಸಮಸಮವಾಗಿ ಬೈದುಕೊಂಡೆ. ಇದ್ದಬದ್ದದ್ದನ್ನೆಲ್ಲ ಓದಿ, ಅಕೌಂಟಿನ ಹಂಗಿಲ್ಲದೆ ಬೇರೊಂದು ಹೆಸರಿನಲ್ಲಿ ಒಳಹೋಗುವ ದಾರಿಯನ್ನೂ ಹುಡುಕಿದೆ.

ಮಂಗಳವಾರ ಬೆಳಿಗ್ಗೆ ಬೇಲಿಯಾಚೆಯಿಂದ ನನ್ನ ಹೆಸರು ಕೇಳಿತು. ಹೋದರೆ ಅವರು ತೆರೆ ತೋರಿಸಿದರು. ಹಿಂದಿನ ಮಂಗಳವಾರದ ಪುಟ. ಅವರ ಕೊನೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಬಂದು ಕೂತಿತ್ತು.

‘ಒದಿ ಕೇಳಿದೆ, ಸರಿ ಇದೆ. ಅಳಿಯನಿಂದ ಪಾಟಿ ಸವಲು ಇಲ್ಲ.’

ಚೆನ್ನಕ್ಕ ಕುರ್ಚಿ ಎಳೆದು ಕೂತರು. ‘ಒ’ಗೆ ದೀರ್ಘ ಕೊಟ್ಟರು, ‘ವ’ಗೆ ದೀರ್ಘ ಕೊಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಎರಡು ಬೆರಳಲ್ಲಿ ಹೊಡೆದದ್ದು" ಎಂದರು.

ಏನಾದರೂ ಹೇಳಬೇಕಲ್ಲ ಎಂದು ನಾನು ಹುಡುಕಿದ ದಾರಿಯನ್ನು ಹೇಳಿದೆ. ಅಳಿಯನ ಅಕೌಂಟ್ ತೆಗೆದು ಅವರ ಹೆಸರಿನಲ್ಲೇ ಮಾಡಬಹುದು, ಸರ್‌ನೇಮ್ ಬೇಡ, ಇಂಟರ್ನೆಟ್ ಬೇಡ, ಬರೆದದ್ದು ಈ ಮೇಜು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಹತ್ತು ನಿಮಿಷದ ಕೆಲಸ. ಈಗಲೇ ಮಾಡಿಕೊಡಲೇ ಎಂದೆ.

ಚೆನ್ನಕ್ಕ ಆಗಲೇ ಹೊಸ ಪುಟ ತೆರೆದು, ಬಸಳೆಯ ಕಡೆ ಮುಖ ಮಾಡಿದ್ದರು. ಹತ್ತು ಬೆರಳೂ ಓಡುತ್ತಿದ್ದವು.

"ನೋಡುವ" ಎಂದರು.